ಸಿಗ್ನಲ್‌ಮ್ಯಾನ್‌ನ ಕಾಗದದ ಕೆಲಸ: ಕೊಡಗಿನ ಮನೆಯಲ್ಲೇ ಕಲಿಯಲು ಶುರು ಮಾಡುವ ಬಗೆ

ಕಳೆದ ತಿಂಗಳು ಒಂದು ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. ನೌಕಾಪಡೆ ಸೇರಿ, ಮೊದಲ ಹಂತದ ತರಬೇತಿ ಮುಗಿಸಿ, ಈಗ ಸಂವಹನ ವಿಭಾಗದ ಕೆಲಸ ಕಲಿಯುತ್ತಿದ್ದಾನೆ. ದನಿಯಲ್ಲಿ ಬೇಸರ.

"ಮಾವ, ಬಾವುಟ ಹಾರಿಸೋದು, ಲೈಟಲ್ಲಿ ಮೋರ್ಸ್ ಕಳ್ಸೋದು ಅಂದ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಬೆಳಗ್ಗಿಂದ ಸಂಜೆವರೆಗೂ ರಿಜಿಸ್ಟರ್ ಬರಿ, ಸೀಲ್ ಹಾಕು, ಫೈಲ್ ಮಾಡು. ತೋಟದ ರೈಟರ್ ಕೆಲಸಾನೇ ಮಾಡ್ಬೇಕಿದ್ರೆ ಸುಂಟಿಕೊಪ್ಪದಲ್ಲೇ ಇರ್ತಿದ್ದೆ."

"ನಿನ್ನ ತಾತನೂ ರೈಟರೇ ಕಣೋ" ಅಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿಯೇ ಜೀವಮಾನ ಕಳೆದವರು. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಕಣದಿಂದ ಹೊರಟ ಚೀಲಗಳ ಲೆಕ್ಕ, ಮಳೆ ಪುಸ್ತಕ, ಎಲ್ಲ ಅವರದೇ ಕೈಬರಹ. ನಾನು ನೌಕಾಪಡೆಯ ಸಂವಹನ ವಿಭಾಗದಲ್ಲಿ ಹದಿನೈದು ವರ್ಷ ದುಡಿದು ಊರಿಗೆ ಬಂದವನು. ಅಲ್ಲಿ ನನ್ನನ್ನು ಎಷ್ಟೋ ಸಲ ಉಳಿಸಿದ್ದು ಅಪ್ಪನ ಮೇಜಿನ ಪಕ್ಕ ನಿಂತು ಕಲಿತ ಅಭ್ಯಾಸವೇ. ಸಂದೇಶ ಬಂತು, ಕೇಳಿಸಿಕೊಂಡೆ ಅಂದರೆ ಕೆಲಸ ಮುಗಿದ ಹಾಗಲ್ಲ. ಎಷ್ಟು ಗಂಟೆಗೆ ಬಂತು, ಯಾರಿಗೆ ಕೊಟ್ಟೆ, ಅವರು ರುಜು ಹಾಕಿದರೇ ಎಂಬುದು ಕಾಗದದ ಮೇಲೆ ಬರುವ ತನಕ ಆ ಸಂದೇಶ ನಿಮ್ಮ ತಲೆಯ ಮೇಲೆಯೇ ಇರುತ್ತದೆ. ಅಕ್ಕನ ಮಗನಿಗೆ ಫೋನಿನಲ್ಲಿ ಅರ್ಧ ಗಂಟೆಯಲ್ಲಿ ಹೇಳಿದ್ದನ್ನು, ಅವನಂತೆ ಹೊರಟು ನಿಂತಿರುವ ಇತರರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೇಳುವುದೆಲ್ಲ ಜಗತ್ತಿನ ನೌಕೆಗಳಲ್ಲಿ ಬಹಿರಂಗವಾಗಿ ಬಳಕೆಯಲ್ಲಿರುವ ಪದ್ಧತಿ. ಗುಟ್ಟಿನದು ಯಾವುದೂ ಇದರಲ್ಲಿಲ್ಲ.

ಮೊದಲು ದಾರಿ

ಕೊಡಗಿನಲ್ಲಿ ಮಿಲಿಟರಿ ಅಂದರೆ ಭೂಸೇನೆ ಅಂತಲೇ ಲೆಕ್ಕ. ಕಾರ್ಯಪ್ಪನವರು 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ತಿಮ್ಮಯ್ಯನವರು 1957ರಿಂದ 1961ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮನೆಮನೆಯಲ್ಲೂ ರೆಜಿಮೆಂಟಿನ ಮಾತು. ಆದರೆ ಹಡಗಿನ ಬದುಕು ಹೇಗಿರುತ್ತದೆ ಎಂದು ಕೇಳಲು ಪಕ್ಕದ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಹಾಗಾಗಿ ಎರಡು ಮಾತು.

ಈಗ ನಾವಿಕರಾಗಿ ಸೇರುವುದು 2022ರಲ್ಲಿ ಆರಂಭವಾದ ಅಗ್ನಿವೀರ್ ಯೋಜನೆಯಲ್ಲಿ. ನಾಲ್ಕು ವರ್ಷ ಸೇವೆ. ಆಮೇಲೆ ಒಂದು ತಂಡದ ಶೇಕಡಾ 25ರಷ್ಟು ಮಂದಿಯವರೆಗೆ ಮುಂದುವರಿಯುವ ಅವಕಾಶ. ಮೊದಲ ತಂಡದಿಂದಲೇ ಹೆಣ್ಣುಮಕ್ಕಳೂ ಇದ್ದಾರೆ. ಮೊದಲ ತರಬೇತಿ ಒಡಿಶಾದ ಚಿಲಿಕಾ ಸರೋವರದ ದಡದ ಐಎನ್‌ಎಸ್ ಚಿಲ್ಕಾದಲ್ಲಿ. ಸಂವಹನದ ಕೆಲಸ ಕಲಿಸುವ ಸಿಗ್ನಲ್ ಸ್ಕೂಲ್ ಇರುವುದು ಕೊಚ್ಚಿಯಲ್ಲಿ. ವಿರಾಜಪೇಟೆಯವರಿಗೆ ಅದು ದೂರವೇನಲ್ಲ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿ ಕಣ್ಣೂರಿನಲ್ಲಿ ರೈಲು ಹತ್ತಿದರಾಯಿತು. ಸಮುದ್ರವನ್ನೇ ಹತ್ತಿರದಿಂದ ನೋಡದವರು ಒಮ್ಮೆ ಕಾರವಾರಕ್ಕೆ ಹೋಗಿ, ಕಡಲ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಒಳಗೆ ಓಡಾಡಿ ಬನ್ನಿ. ಹಡಗಿನೊಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ರಿಜಿಸ್ಟರಿಗೆ ಎಷ್ಟು ಇಕ್ಕಟ್ಟಿನ ಜಾಗ ಸಿಗುತ್ತದೆ ಎಂಬ ಅಂದಾಜು ಆಗುತ್ತದೆ.

ಮಳೆ ಪುಸ್ತಕದಿಂದ ಶುರು ಮಾಡಿ

ನಿಮ್ಮ ಮನೆಯಲ್ಲೋ ಪಕ್ಕದ ತೋಟದಲ್ಲೋ ಮಳೆಮಾಪಕ ಇದ್ದೇ ಇರುತ್ತದೆ. ಹಳೆ ತೋಟಗಳಲ್ಲಿ ಇವತ್ತಿಗೂ ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟು. ಫೆಬ್ರವರಿ-ಮಾರ್ಚಿನ ಹೂಮಳೆ ಎಷ್ಟು ಸೆಂಟು ಬಂತು ಎಂಬುದರ ಮೇಲೆ ರೊಬಸ್ಟಾದ ಇಡೀ ವರ್ಷದ ಫಸಲು ನಿಂತಿರುವುದರಿಂದ ಆ ಪುಸ್ತಕಕ್ಕೆ ಅಷ್ಟು ಮರ್ಯಾದೆ.

ಇಂದಿನಿಂದಲೇ ಆ ಪುಸ್ತಕ ನೀವು ಬರೆಯಿರಿ. ದಿನಾ ಒಂದೇ ಹೊತ್ತಿಗೆ, ಒಂದೇ ಪೆನ್ನಿನಲ್ಲಿ. ಕಾಲಂ ಐದು ಸಾಕು: ತಾರೀಖು, ನೋಡಿದ ಸಮಯ, ಅಳತೆ, ಷರಾ, ನಿಮ್ಮ ಚಿಕ್ಕ ರುಜು. ಮಳೆ ಬಾರದ ದಿನವೂ ಬರೆಯಬೇಕು. ಜನವರಿಯಲ್ಲಿ ಸಾಲು ಸಾಲಾಗಿ "ನಿಲ್" ಬರೆಯುತ್ತಿದ್ದ ಅಪ್ಪನನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೆ, ಮಳೆಯೇ ಇಲ್ಲವಲ್ಲ, ಯಾಕೆ ಬರೀತೀರಿ ಅಂತ. "ಬರೀದೆ ಬಿಟ್ರೆ ಮಳೆ ಬಂದಿಲ್ವೋ, ನಾನು ಹೋಗಿ ನೋಡಿಲ್ವೋ, ಧಣಿಗೆ ಹೆಂಗೊತ್ತಾಗ್ಬೇಕು?" ಅಂದಿದ್ದರು.

ರೇಡಿಯೊ ಲಾಗ್ ಎಂಬ ದಾಖಲೆ ಪುಸ್ತಕದ ಗುಟ್ಟೆಲ್ಲ ಇದರಲ್ಲಿದೆ. ವಾಚ್‌ನಲ್ಲಿ, ಅಂದರೆ ತನ್ನ ಪಾಳಿಯಲ್ಲಿ, ಕುಳಿತವನು ಹೆಡ್‌ಫೋನಿನಲ್ಲಿ ಏನೂ ಕೇಳದಿದ್ದರೂ "ಕೇಳುತ್ತಿದ್ದೇನೆ, ಏನೂ ಇಲ್ಲ" ಎಂದು ನಿಗದಿತ ಹೊತ್ತಿಗೆ ದಾಖಲಿಸುತ್ತಾನೆ. ನಾಳೆ ಯಾರಾದರೂ "ಆ ರಾತ್ರಿ ನಾವು ಕರೆದಿದ್ದೆವು" ಎಂದರೆ, ಖಾಲಿ ಸಾಲು ನಿಮ್ಮ ಪರವಾಗಿ ಮಾತಾಡುವುದಿಲ್ಲ. "ನಿಲ್" ಎಂದು ಬರೆದ ಸಾಲು ಮಾತಾಡುತ್ತದೆ.

ತಿದ್ದುವ ನಿಯಮವನ್ನೂ ಈ ಪುಸ್ತಕದಲ್ಲೇ ರೂಢಿಸಿಕೊಳ್ಳಿ. ರಬ್ಬರ್, ವೈಟ್ನರ್, ಹಾಳೆ ಹರಿಯುವುದು ಯಾವುದೂ ಇಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಗೀಟು. ಕೆಳಗಿನ ಅಕ್ಷರ ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ರುಜು. ಮೊದಲು ಹಾಳೆಯಲ್ಲಿ ಗೀಚಿ ಆಮೇಲೆ ಚೆಂದವಾಗಿ ಪುಸ್ತಕಕ್ಕೆ ಇಳಿಸುವ ಚಾಳಿ ಇದ್ದರೆ ಬಿಟ್ಟುಬಿಡಿ. ಘಟನೆ ನಡೆಯುವಾಗ ಬರೆದದ್ದು ಮಾತ್ರ ಲಾಗ್. ಅಕ್ಷರ ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ, ಇನ್ನೊಬ್ಬರಿಗೆ ಓದಲು ಬಂದರೆ ಸಾಕು.

ಸಮಯ

ಇಲ್ಲಿ ನಿಧಾನವಾಗಿ ಓದಿ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ, ನಾನು ಎಡವಿದ್ದೂ ಇಲ್ಲೇ.

ನಮ್ಮ ಮಾತಿನಲ್ಲಿ ಸಮಯ ಸಡಿಲ. "ಐದೂವರೆಗೆ ಬರ್ತೀನಿ", "ಆರೂ ಮುಕ್ಕಾಲು ಆಗಿತ್ತು" ಅನ್ನುತ್ತೇವೆ. ಬೆಳಗ್ಗೆಯೋ ಸಂಜೆಯೋ ಎಂಬುದು ಸಂದರ್ಭ ನೋಡಿದರೆ ತಿಳಿಯುತ್ತದೆ. ಕಾಗದಕ್ಕೆ ಸಂದರ್ಭ ಗೊತ್ತಿಲ್ಲ. ಆದ್ದರಿಂದ ನಾಲ್ಕು ಅಂಕಿ: ಸಂಜೆ ಐದೂವರೆ 1730, ನಸುಕಿನ ಮೂರು 0300. ಇಂದಿನಿಂದ ಮನೆಯಲ್ಲೂ ಹಾಗೇ ಬರೆಯಿರಿ, ಹಾಲಿನವನ ಲೆಕ್ಕದಲ್ಲೂ.

ಇದಕ್ಕೆ ಮುಂದೆ ಎರಡು ಅಂಕಿಯ ತಾರೀಖು, ಹಿಂದೆ ಸಮಯ ವಲಯದ ಅಕ್ಷರ, ಆಮೇಲೆ ತಿಂಗಳು ಮತ್ತು ವರ್ಷ ಸೇರಿಸಿದರೆ ಸಿಗುವುದೇ ಡೇಟ್-ಟೈಮ್ ಗ್ರೂಪ್, ಬಾಯಿಮಾತಿನಲ್ಲಿ ಡಿಟಿಜಿ. ಬೇರೆ ಬೇರೆ ಸಮಯ ವಲಯಗಳಲ್ಲಿರುವ ಹಡಗುಗಳಿಗೆ ಒಂದೇ ಗಡಿಯಾರ ಬೇಕಲ್ಲ, ಅದಕ್ಕೆ ಗ್ರೀನಿಚ್ ಸಮಯ. ಅದರ ಅಕ್ಷರ ಜಡ್, ಓದುವುದು "ಜೂಲು". ನಮ್ಮ ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಗೋಡೆ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು. ಸುಲಭದ ಉಪಾಯ: ಆರು ಗಂಟೆ ಕಳೆದು ಅರ್ಧ ಗಂಟೆ ಕೂಡಿಸಿ. ಮಧ್ಯಾಹ್ನ 1445 ಎಂದರೆ 0845, ಅರ್ಧ ಗಂಟೆ ಕೂಡಿಸಿದರೆ 0915 ಜೂಲು. ಕಷ್ಟವೇನಿಲ್ಲ.

ಕಷ್ಟ ಇರುವುದು ಬೆಳಗಿನ 0530ಕ್ಕಿಂತ ಮುಂಚಿನ ಹೊತ್ತಿನಲ್ಲಿ. ಹನ್ನೆರಡನೇ ತಾರೀಖು ನಸುಕಿನ 0300 ಎಂದರೆ ಜೂಲು ಲೆಕ್ಕದಲ್ಲಿ ಹನ್ನೊಂದನೇ ತಾರೀಖು 2130. ಗಂಟೆಯ ಜೊತೆ ತಾರೀಖೂ ಹಿಂದೆ ಹೋಗುತ್ತದೆ. ಜನವರಿ 1ರ ಬೆಳಗಿನ ಜಾವ 0400ಕ್ಕೆ ಬರೆದರೆ ತಿಂಗಳೂ ಬದಲು, ವರ್ಷವೂ ಬದಲು: ಹಿಂದಿನ ವರ್ಷದ ಡಿಸೆಂಬರ್ 31, 2230.

ನಾನು ಕಲಿಯುತ್ತಿದ್ದ ಕಾಲದ ಮಾತು. ನಡುರಾತ್ರಿಯ ವಾಚ್, ಕಣ್ಣು ಎಳೆಯುತ್ತಿತ್ತು. 12ರ 0300ಕ್ಕೆ ಒಂದು ಸಂದೇಶ ಕಳಿಸಿದೆ: ಸಾಮಾನು ತರುವ ದೋಣಿ ಇಂತಿಷ್ಟು ಗಂಟೆಗೆ ಬರಲಿ. ಗಂಟೆಯನ್ನು ಸರಿಯಾಗಿ 2130 ಮಾಡಿದೆ, ತಾರೀಖನ್ನು 12 ಎಂದೇ ಬಿಟ್ಟೆ. ಬೆಳಗ್ಗೆ 1000ಕ್ಕೆ ನಮ್ಮವರೇ ದೋಣಿಯ ಸಮಯ ಬದಲಿಸಿ ಇನ್ನೊಂದು ಸಂದೇಶ ಕಳಿಸಿದರು; ಅದರ ಡಿಟಿಜಿ 120430, ಸರಿಯಾಗಿಯೇ ಇತ್ತು. ಆಚೆ ಕಡೆ ಎರಡನ್ನೂ ಡಿಟಿಜಿ ಪ್ರಕಾರ ಜೋಡಿಸಿದಾಗ ನನ್ನ ಹಳೆಯ 122130 ಹೊಸದಾಗಿ ಕಂಡಿತು, ಹೊಸ ಸಂದೇಶ ಹಳೆಯದಾಯಿತು. ದೋಣಿ ಹಳೆ ಸಮಯಕ್ಕೇ ಬಂದು ಎರಡು ಗಂಟೆ ಬಿಸಿಲಲ್ಲಿ ಕಾಯಿತು. ನಮ್ಮ ಯೋಮನ್, ಅಂದರೆ ಸಿಗ್ನಲ್ ಕೆಲಸದ ಹಿರಿಯ ನಾವಿಕರು, ಗದರಲಿಲ್ಲ. ಒಂದು ಹಾಳೆ ಕೊಟ್ಟು, 0000ದಿಂದ 0530ರ ನಡುವಿನ ಐವತ್ತು ಸಮಯ ತಾವೇ ಬರೆದು, "ಜೂಲು ಮಾಡಿ ತಾ" ಎಂದರು. ಆ ಹಾಳೆ ಮುಗಿಸಿದ ಮೇಲೆ ನಾನು ತಾರೀಖು ತಪ್ಪಿದ್ದಿಲ್ಲ. ನೀವೂ ಐವತ್ತು ಬರೆದು ನೋಡಿ. ಅದರಲ್ಲಿ ಹತ್ತಾದರೂ ತಿಂಗಳ ಮೊದಲ ದಿನದ್ದಿರಲಿ.

ಹಡಗಿನ ದಿನ ವಾಚ್‌ಗಳಾಗಿ ಒಡೆದಿರುತ್ತದೆ. ನಡುರಾತ್ರಿಯಿಂದ ನಾಲ್ಕು ನಾಲ್ಕು ಗಂಟೆಯ ನಾಲ್ಕು ವಾಚ್ ಕಳೆದು ಸಂಜೆ ನಾಲ್ಕಾದ ಮೇಲೆ, 1600ರಿಂದ 1800, 1800ರಿಂದ 2000 ಎಂದು ಎರಡು ಗಂಟೆಯ ಎರಡು ಡಾಗ್ ವಾಚ್ ಬರುತ್ತವೆ ಎಂದು ಹೇಳುವುದು ವಾಡಿಕೆ. ಲೆಕ್ಕ ಮಾಡಿದರೆ 1600ಕ್ಕೆ ಮೊದಲು ನಾಲ್ಕು, ಡಾಗ್ ಎರಡು, ಆಮೇಲೆ 2000ದಿಂದ ನಡುರಾತ್ರಿಯವರೆಗೆ ಒಂದು, ಒಟ್ಟು ಏಳು. ಏಳು ಬೆಸ ಸಂಖ್ಯೆಯಾದ್ದರಿಂದ ಒಬ್ಬನಿಗೇ ದಿನಾ ನಡುರಾತ್ರಿಯ ಸರದಿ ಬೀಳುವುದಿಲ್ಲ.

ಒಂದು ಸಂದೇಶದ ಅಂಗಾಂಗ

2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ ದಿನಗಳು. ಕರೆಂಟಿಲ್ಲ, ನೆಟ್‌ವರ್ಕ್ ಬಂದರೆ ಬಂತು. ಸಿಗ್ನಲ್ ಬಂದ ಕೂಡಲೇ ಮೊಬೈಲಿಗೆ ಹತ್ತಾರು ಸಂದೇಶ ಒಟ್ಟಿಗೆ ಬೀಳುತ್ತಿದ್ದವು: "ರಸ್ತೆ ಬಂದ್ ಆಗಿದೆ ಯಾರೂ ಬರಬೇಡಿ." ಯಾವ ರಸ್ತೆ? ಯಾವಾಗ ಬಂದ್ ಆಯಿತು, ಇವತ್ತೋ ನಿನ್ನೆಯೋ? ಕಣ್ಣಾರೆ ಕಂಡವರು ಬರೆದದ್ದೋ, ಕೇಳಿದ್ದನ್ನು ದಾಟಿಸಿದ್ದೋ? ಬರೆದವರ ಮನಸ್ಸು ಒಳ್ಳೆಯದೇ. ಆದರೆ ಆ ಸಾಲು ಹಿಡಿದುಕೊಂಡು ಮನೆಯವರನ್ನು ಹುಡುಕಲು ಹೊರಟವನು ಯಾವ ತೀರ್ಮಾನಕ್ಕೂ ಬರಲಾಗುತ್ತಿರಲಿಲ್ಲ.

ಅದೇ ಸಂದೇಶವನ್ನು ಅಭ್ಯಾಸಕ್ಕಾಗಿ ಸಿಗ್ನಲ್ ನಮೂನೆಯಲ್ಲಿ ಬರೆದರೆ ಹೀಗಾಗುತ್ತದೆ:

ಆದ್ಯತೆ: ಇಮ್ಮಿಡಿಯೆಟ್
ಡಿಟಿಜಿ: 171040 ಜೂಲು ಆಗಸ್ಟ್ 18
ಫ್ರಮ್: ಕಳಿಸಿದವರ ಹೆಸರು, ನಿಂತಿರುವ ಜಾಗ
ಟು: ಕ್ರಮ ಕೈಗೊಳ್ಳಬೇಕಾದವರು
ಇನ್ಫೊ: ಬರೀ ತಿಳಿದಿರಬೇಕಾದವರು
ಗೋಪ್ಯತೆ: ಅನ್‌ಕ್ಲಾಸಿಫೈಡ್
ಒಕ್ಕಣೆ: ಇಂಥ ರಸ್ತೆ, ಇಂಥ ಸೇತುವೆಯಿಂದ ಮುಂದೆ ಮಣ್ಣು ಬಿದ್ದು ಪೂರ್ತಿ ಬಂದ್. 1600ಕ್ಕೆ ನಾನೇ ನೋಡಿದ್ದು. ನಡೆದು ಹೋಗಲೂ ಆಗದು.

ಇಲ್ಲಿ ಒಂದೊಂದು ಸಾಲಿಗೂ ಕೆಲಸವಿದೆ. ಆದ್ಯತೆಗೆ ನಾಲ್ಕು ಮೆಟ್ಟಿಲು: ಫ್ಲ್ಯಾಶ್, ಇಮ್ಮಿಡಿಯೆಟ್, ಪ್ರಯಾರಿಟಿ, ರೂಟೀನ್. ಕೈಯಲ್ಲಿ ಐದು ಸಂದೇಶ ಇದ್ದಾಗ ಯಾವುದು ಮೊದಲು ಹೋಗಬೇಕು ಎಂದಷ್ಟೇ ಅದು ಹೇಳುತ್ತದೆ. ಎಲ್ಲವನ್ನೂ ಅರ್ಜೆಂಟ್ ಎಂದು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಎಲ್ಲವೂ ಫ್ಲ್ಯಾಶ್ ಆದರೆ ನಿಜವಾದ ಫ್ಲ್ಯಾಶ್ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಆದ್ಯತೆ ನಿರ್ಧರಿಸುವುದು ಕಳಿಸುವ ಅಧಿಕಾರಿ, ಸಿಗ್ನಲ್‌ಮ್ಯಾನ್ ಅದನ್ನು ಪಾಲಿಸುವವನು.

ಗೋಪ್ಯತೆ ಬೇರೆಯೇ ವಿಷಯ, ಆದ್ಯತೆಯ ಜೊತೆ ಕಲಸಬೇಡಿ. ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರಿಸ್ಟ್ರಿಕ್ಟೆಡ್, ಆಮೇಲೆ ಅನ್‌ಕ್ಲಾಸಿಫೈಡ್. ಅತಿ ಗುಟ್ಟಿನದ್ದು ನಿಧಾನವಾಗಿ ಹೋಗಬಹುದು. ಗುಟ್ಟೇ ಇಲ್ಲದ್ದು ಮಿಂಚಿನಂತೆ ಹೋಗಬೇಕಾಗಬಹುದು. ಚಂಡಮಾರುತದ ಎಚ್ಚರಿಕೆಗೆ ಎಂಥ ಗುಟ್ಟು?

"ಟು" ಮತ್ತು "ಇನ್ಫೊ" ನಡುವಿನ ಗೆರೆ ನಮ್ಮ ಊರಿನ ಎಷ್ಟೋ ಜಗಳ ತಪ್ಪಿಸಬಲ್ಲದು. ಹತ್ತು ಜನರಿಗೆ ಒಂದೇ ಕೆಲಸ ಹೇಳಿದರೆ ಪ್ರತಿಯೊಬ್ಬನೂ ಇನ್ನೊಬ್ಬ ಮಾಡುತ್ತಾನೆ ಅಂದುಕೊಳ್ಳುತ್ತಾನೆ. ಯಾರು ಮಾಡಬೇಕೋ ಅವರ ಹೆಸರು "ಟು" ಸಾಲಿನಲ್ಲಿ, ಉಳಿದವರದು "ಇನ್ಫೊ" ಸಾಲಿನಲ್ಲಿ.

ಒಕ್ಕಣೆ ಚಿಕ್ಕದಿರಲಿ, ಆದರೆ ಅರ್ಥ ಕತ್ತರಿಸಬೇಡಿ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನಕ್ಕೆ ಮುನ್ನ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ತನ್ನ ನೌಕಾಪಡೆಗೆ ಬಾವುಟಗಳಲ್ಲಿ ಹಾರಿಸಲು ಹೇಳಿದ ಸಂದೇಶದಲ್ಲಿ "ಇಂಗ್ಲೆಂಡಿಗೆ ಭರವಸೆಯಿದೆ" ಎಂಬರ್ಥದ ಪದವಿತ್ತು. ಸಿಗ್ನಲ್ ನೋಡಿಕೊಳ್ಳುತ್ತಿದ್ದ ಲೆಫ್ಟಿನೆಂಟ್ ಪಾಸ್ಕೊ, ಆ ಪದ ಸಿಗ್ನಲ್ ಪುಸ್ತಕದಲ್ಲಿಲ್ಲ, ಅಕ್ಷರ ಅಕ್ಷರವಾಗಿ ಹಾರಿಸಬೇಕಾಗುತ್ತದೆ, "ನಿರೀಕ್ಷಿಸುತ್ತದೆ" ಎಂಬುದಾದರೆ ಪುಸ್ತಕದಲ್ಲೇ ಇದೆ ಎಂದ. ನೆಲ್ಸನ್ ಒಪ್ಪಿದ. ಪಾಸ್ಕೊ ಪದವನ್ನು ತಾನೇ ಬದಲಿಸಲಿಲ್ಲ, ಕೇಳಿ ಬದಲಿಸಿದ. ನಾನು ಹೊಸಬರಿಗೆ ಈ ಕಥೆ ಹೇಳುವುದೇ ಅದಕ್ಕಾಗಿ. ಒಕ್ಕಣೆ ಎಷ್ಟೇ ಒಡ್ಡಾಗಿ ಕಂಡರೂ ನೀವಾಗಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ಅನುಮಾನ ಬಂದರೆ ಬರೆದವರ ಬಳಿಗೆ ಹೋಗಿ ಕೇಳಿ.

ಕಿವಿಯಿಂದ ಕೈಗೆ

ಕನ್ನಡ ಮಾತಾಡಿ ಬೆಳೆದವರಿಗೆ ಇಂಗ್ಲಿಷ್ ಅಕ್ಷರಗಳ ಹೆಸರು ರೇಡಿಯೊದಲ್ಲಿ ಕೇಳುವಾಗ ಬೇಗ ಮೋಸವಾಗುತ್ತದೆ. ಎಮ್-ಎನ್, ಎಫ್-ಎಸ್, ಬಿ-ಡಿ-ಪಿ-ಟಿ, ನಮ್ಮ ಬಾಯಲ್ಲಿ ಎ-ಇ ಕೂಡ. ಅದಕ್ಕೇ ಆಲ್ಫಾ, ಬ್ರಾವೊ, ಚಾರ್ಲಿ ಎಂಬ ಪದಮಾಲೆ. ಈಗ ಬಳಕೆಯಲ್ಲಿರುವ ರೂಪ 1956ರಿಂದ ಜಾರಿಯಲ್ಲಿದೆ. ಬಾಯಿಪಾಠ ಮಾಡಿದರೆ ಸಾಲದು, ಊರಿನ ಹೆಸರುಗಳ ಮೇಲೆ ಪಳಗಿಸಿ. ನಾಪೋಕ್ಲು: ನವೆಂಬರ್, ಆಲ್ಫಾ, ಪಪಾ, ಆಸ್ಕರ್, ಕಿಲೊ, ಲೀಮಾ, ಯೂನಿಫಾರ್ಮ್. ಬಸ್ಸಿನಲ್ಲಿ ಹೋಗುವಾಗ ಸಿಗುವ ಪ್ರತಿ ಬೋರ್ಡನ್ನೂ ಹೀಗೆ ಓದಿ. ಮಡಿಕೇರಿಯಿಂದ ಕುಶಾಲನಗರ ತಲುಪುವಷ್ಟರಲ್ಲಿ ಅರ್ಧ ಪಾಠ ಆಗಿರುತ್ತದೆ.

ಅಂಕಿಗಳನ್ನು ಒಂದೊಂದಾಗಿ ಹೇಳಬೇಕು. ಫಿಫ್ಟೀನ್, ಫಿಫ್ಟಿ ಎರಡೂ ಗದ್ದಲದಲ್ಲಿ ಒಂದೇ. "ಒನ್ ಫೈಫ್" ಎಂದರೆ ಗೊಂದಲವಿಲ್ಲ. ನೈನ್ ಅನ್ನು "ನೈನರ್", ತ್ರೀಯನ್ನು "ಟ್ರೀ" ಎನ್ನುವುದೂ ಅದಕ್ಕೇ. ಅಭ್ಯಾಸಕ್ಕೆ ಮನೆಯಲ್ಲಿ ಯಾರಾದರೂ ಪತ್ರಿಕೆಯ ಕಾಫಿ, ಕರಿಮೆಣಸಿನ ಧಾರಣೆ ಓದಲಿ, ನೀವು ಬರೆದುಕೊಂಡು ತಿರುಗಿ ಓದಿ ಹೇಳಿ. ಹಿನ್ನೆಲೆಯಲ್ಲಿ ಮಿಕ್ಸಿ ಓಡುತ್ತಿದ್ದರೆ ಇನ್ನೂ ಒಳ್ಳೆಯದು. ಹೆಂಚಿನ ಮೇಲೆ ಜೂನ್ ತಿಂಗಳ ಮಳೆ ಹೊಡೆಯುತ್ತಿದ್ದರಂತೂ ಬೇರೆ ಗದ್ದಲವೇ ಬೇಡ.

ಒಂದಷ್ಟು ಪದಗಳಿಗೆ ಕಟ್ಟುನಿಟ್ಟಾದ ಅರ್ಥವಿದೆ. "ರೋಜರ್" ಎಂದರೆ ಪೂರ್ತಿ ಕೇಳಿಸಿತು ಎಂದಷ್ಟೇ, ಒಪ್ಪಿದೆ ಎಂದಲ್ಲ. "ವಿಲ್ಕೊ" ಎಂದರೆ ಅರ್ಥವಾಯಿತು, ಮಾಡುತ್ತೇನೆ. ಅದನ್ನು ಹೇಳುವ ಅಧಿಕಾರ ಇದ್ದವರೇ ಹೇಳಬೇಕು. "ಓವರ್" ಎಂದರೆ ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ, "ಔಟ್" ಎಂದರೆ ಮಾತು ಮುಗಿಯಿತು. ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಅರ್ಥವೇ ಇಲ್ಲ. ಮತ್ತೆ ಹೇಳಿ ಎನ್ನಲು "ಸೇ ಅಗೇನ್" ಎನ್ನಿ, "ರಿಪೀಟ್" ಎನ್ನಬೇಡಿ. ಮಿಲಿಟರಿ ರೇಡಿಯೊದಲ್ಲಿ ಆ ಪದ ಅದೇ ಗುರಿಗೆ ಮತ್ತೆ ಗುಂಡು ಹಾರಿಸಿ ಎಂಬುದಕ್ಕೆ ಮೀಸಲು.

ಕೇಳಿಸದೇ ಹೋದ ಪದವನ್ನು ಊಹಿಸಿ ತುಂಬಬೇಡಿ. ಜಾಗ ಬಿಟ್ಟು ಬರೆಯಿರಿ, ಕೊನೆಯಲ್ಲಿ ಆ ಭಾಗ ಮಾತ್ರ ಮತ್ತೆ ಕೇಳಿ. ಓದಿದ ಮಕ್ಕಳಿಗೇ ಈ ಊಹೆಯ ಚಟ ಹೆಚ್ಚು, ಏಕೆಂದರೆ ಅವರ ಊಹೆ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ.

ಬಂದದ್ದು, ಹೋದದ್ದು, ತಲುಪಿದ್ದು

ಸಂದೇಶ ಕೈಗೆ ಬಂದ ಕ್ಷಣ ಮೊದಲು ಗಡಿಯಾರ ನೋಡಿ ಬಂದ ಸಮಯ ಬರೆಯಿರಿ, ಓದುವುದು ಆಮೇಲೆ. ಕಳಿಸುವ ಸಂದೇಶಕ್ಕೆ ಎರಡು ಸಮಯ: ಅಧಿಕಾರಿ ನಿಮ್ಮ ಕೈಗೆ ಕೊಟ್ಟದ್ದು, ನೀವು ನಿಜವಾಗಿ ಕಳಿಸಿದ್ದು. ಇವೆರಡರ ನಡುವೆ ನಲವತ್ತು ನಿಮಿಷ ಕಳೆದಿದ್ದರೆ ಯಾಕೆಂದು ಷರಾ ಬೇಕು.

ಆಮೇಲೆ ಕ್ರಮ ಸಂಖ್ಯೆ. ಒಂದು ಜಾಲದಲ್ಲಿ ಬರುವ ಸಂದೇಶಗಳಿಗೆ ಸಂಖ್ಯೆ ಇದ್ದರೆ 41ರ ನಂತರ 43 ಬಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ, 42 ಎಲ್ಲಿ? ತಾನಾಗಿ ಬರುತ್ತದೆ ಎಂದು ಕಾಯಬಾರದು. ಕಣದಿಂದ ಲಾರಿಗೆ ಚೀಲ ಏರಿಸುವಾಗ ರೈಟರ್ ಪ್ರತಿ ಚೀಲಕ್ಕೂ ಗೀಟು ಹಾಕಿ, ಐದನೆಯದಕ್ಕೆ ಅಡ್ಡಗೀಟು ಎಳೆಯುತ್ತಾರಲ್ಲ, ಅದೇ ಎಚ್ಚರ.

ಹಂಚುವುದು ಕಾಲಿನ ಕೆಲಸ. ಕ್ರಮ ಕೈಗೊಳ್ಳುವವರಿಗೆ ಮೊದಲ ಪ್ರತಿ, ಉಳಿದವರಿಗೆ ಆಮೇಲೆ, ಪ್ರತಿಯೊಬ್ಬರಿಂದ ಸಮಯದ ಸಮೇತ ರುಜು. ಅಧಿಕಾರಿ ಮಲಗಿದ್ದಾರೆ ಎಂದು ಮೇಜಿನ ಮೇಲೆ ಇಟ್ಟು ಬರಬೇಡಿ. ಫ್ಲ್ಯಾಶ್, ಇಮ್ಮಿಡಿಯೆಟ್ ಆದರೆ ಎಬ್ಬಿಸಬೇಕು. ನಿದ್ದೆಗಣ್ಣಲ್ಲಿ "ಸರಿ" ಅಂದರೆ ಸಾಲದು. ಎದ್ದು ಕೂತು, ಓದಿ, ರುಜು ಹಾಕುವವರೆಗೆ ನಿಂತಿರಿ. ದೊಡ್ಡವರನ್ನು ನಿದ್ದೆಯಿಂದ ಎಬ್ಬಿಸಲು ನಮ್ಮ ಕಡೆಯ ಹುಡುಗರಿಗೆ ಸಂಕೋಚ. ಮೊದಲ ವಾರದಲ್ಲೇ ಆ ಸಂಕೋಚ ಬಿಡಿ.

ಇಷ್ಟಾದ ಮೇಲೆ ಫೈಲ್. ಡಿಟಿಜಿ ಕ್ರಮದಲ್ಲಿ, ದಿನಕ್ಕೊಂದು ಕಟ್ಟು. ಈಗ ಬಹುಪಾಲು ಕೆಲಸ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಬೆರಳು ನೋಡದೆ ಟೈಪ್ ಮಾಡುವುದನ್ನು ಊರಿನಲ್ಲೇ ಕಲಿತು ಹೋಗಿ. ಗೋಣಿಕೊಪ್ಪ, ಸೋಮವಾರಪೇಟೆಯಂಥ ಪಟ್ಟಣಕ್ಕೆ ಬಂದಾಗ ದಿನಕ್ಕೊಂದು ಗಂಟೆ ಕೊಟ್ಟರೂ ಸಾಕು.

ದೀಪ, ಬಾವುಟ ಮತ್ತು ಪೆನ್ನು

ಅಕ್ಕನ ಮಗ ಆಸೆಪಟ್ಟ ಕೆಲಸದಲ್ಲೂ ಪೆನ್ನು ಬಿಡುವುದಿಲ್ಲ. ದೀಪ ಮಿನುಗಿಸಿ ಚುಕ್ಕೆ-ಗೆರೆಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ಓದಲು ಇಬ್ಬರು ಬೇಕು. ಒಬ್ಬ ದೀಪದಿಂದ ಕಣ್ಣು ಕೀಳದೆ ಅಕ್ಷರ ಕೂಗುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಒಬ್ಬನೇ ಎರಡೂ ಮಾಡಹೊರಟರೆ ತಲೆ ತಗ್ಗಿಸಿದ ಹೊತ್ತಿಗೇ ಒಂದು ಅಕ್ಷರ ಹೋಗಿರುತ್ತದೆ. ಲೆಕ್ಕ ಹೀಗೆ: ಚುಕ್ಕೆ ಒಂದು ಮಾತ್ರೆಯಾದರೆ ಗೆರೆ ಮೂರು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಎದುರು ಗುಡ್ಡದ ಮನೆಯ ಸ್ನೇಹಿತನ ಜೊತೆ ಟಾರ್ಚ್ ಹಿಡಿದು ಅಭ್ಯಾಸ ಮಾಡಿ. ರೇಡಿಯೊದಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಬೇಕು, ಟಾರ್ಚಿಗೆ ಬೇಡ. ಮಂಜು ಕವಿದು ನಡುವೆ ನಿಂತು ಹೋದರೆ ಅದನ್ನೂ ಬರೆಯಿರಿ: "2015, ಮಂಜು, ದೀಪ ಕಾಣುತ್ತಿಲ್ಲ."

ಬಾವುಟಗಳಿಗೆ ಅಂತರರಾಷ್ಟ್ರೀಯ ಸಂಕೇತ ಸಂಹಿತೆಯಿದೆ, ಈಗಿನ ರೂಪ 1969ರಿಂದ ಜಾರಿಯಲ್ಲಿದೆ. ಪೂರ್ತಿ ಕಟ್ಟಿನಲ್ಲಿ ನಲವತ್ತು: 26 ಅಕ್ಷರ, 10 ಅಂಕಿ, ಮೇಲಿನ ಬಾವುಟವನ್ನೇ ಮತ್ತೆ ಸೂಚಿಸುವ 3 ಸಬ್‌ಸ್ಟಿಟ್ಯೂಟ್, ತುದಿ ಕಿರಿದಾದ 1 ಉತ್ತರದ ಪೆನೆಂಟ್. ಕೆಂಪು-ಹಳದಿ ಓರೆಯಾಗಿ ಹಂಚಿಕೊಂಡ "ಆಸ್ಕರ್" ಹಾರಿದರೆ ಯಾರೋ ನೀರಿಗೆ ಬಿದ್ದಿದ್ದಾರೆ ಎಂದರ್ಥ. ನೀಲಿಯ ನಡುವೆ ಬಿಳಿ ಚೌಕದ "ಪಪಾ" ಬಂದರಿನಲ್ಲಿ ಹಾರಿದರೆ ಹಡಗು ಹೊರಡಲಿದೆ, ಎಲ್ಲರೂ ಹತ್ತಿ ಎಂದರ್ಥ. ಎದುರಿನವರ ಸಂಕೇತ ಕಂಡಾಗ ಉತ್ತರದ ಪೆನೆಂಟನ್ನು ಅರ್ಧಕ್ಕೆ ಏರಿಸಬೇಕು, ಅರ್ಥವಾದ ಮೇಲೆ ತುದಿಗೆ. ಲಾಗ್‌ನಲ್ಲಿ ಬಾವುಟಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಿರಿ; ಏರಿದ ಸಮಯ, ಇಳಿದ ಸಮಯ ಎರಡೂ ಬೇಕು. ನೌಕಾಪಡೆಯ ಹಡಗುಗಳು ಒಟ್ಟಿಗೆ ಸಾಗುವಾಗ ಬಾವುಟ ಇಳಿದ ಕ್ಷಣವೇ ಆಜ್ಞೆ ಜಾರಿಯಾಗುವುದರಿಂದ ಇಳಿದ ಸಮಯಕ್ಕೆ ಹೆಚ್ಚು ಬೆಲೆ.

ಪುಸ್ತಕಗಳ ಉಸ್ತುವಾರಿ

ಕಿರಿಯರ ಪಾಲಿಗೆ ಬರುವ ಇನ್ನೊಂದು ಕೆಲಸ ಸಿಗ್ನಲ್ ಪುಸ್ತಕಗಳಿಗೆ ತಿದ್ದುಪಡಿ ಹಾಕುವುದು. ಹೊಸ ಹಾಳೆ ಬಂದರೆ ಹಳೆಯದನ್ನು ತೆಗೆದು ಅದನ್ನು ಸೇರಿಸುವುದು, ಸಾಲು ಬದಲಾದರೆ ಪೆನ್ನಿನಲ್ಲಿ ತಿದ್ದುವುದು, ಮುಂಪುಟದ ತಿದ್ದುಪಡಿ ಪಟ್ಟಿಯಲ್ಲಿ ಸಂಖ್ಯೆ, ತಾರೀಖು, ರುಜು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಎರಡು ಹಡಗಿನ ಪುಸ್ತಕಗಳಲ್ಲಿ ಒಂದೇ ಸಂಕೇತಕ್ಕೆ ಎರಡು ಅರ್ಥವಿದ್ದರೆ ಏನಾದೀತು ಯೋಚಿಸಿ. ತಿದ್ದುಪಡಿಗಳನ್ನು ಸಂಖ್ಯೆಯ ಕ್ರಮದಲ್ಲೇ ಹಾಕಿ. ಐದನೆಯದು ಬಂದಿಲ್ಲವೆಂದರೆ ಆರನೆಯದಕ್ಕೆ ಕೈ ಹಾಕಬೇಡಿ.

ಗೋಪ್ಯ ಪುಸ್ತಕಗಳನ್ನು ಪುಟಪುಟವಾಗಿ ಎಣಿಸಬೇಕು. 1914ರ ಆಗಸ್ಟಿನಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ಎಂಬ ಯುದ್ಧನೌಕೆ ಬಾಲ್ಟಿಕ್ ಸಮುದ್ರದಲ್ಲಿ ನೆಲ ಹತ್ತಿ ನಿಂತಿತು. ಅದರ ಸಿಗ್ನಲ್ ಪುಸ್ತಕ ರಷ್ಯನ್ನರ ಕೈಸೇರಿತು. ಅವರು ಒಂದು ಪ್ರತಿಯನ್ನು ಬ್ರಿಟನ್ನಿಗೆ ಕೊಟ್ಟರು. ಅಲ್ಲಿಂದ ಮುಂದೆ ಜರ್ಮನ್ ನೌಕಾಪಡೆಯ ಸಂದೇಶಗಳನ್ನು ಬ್ರಿಟಿಷರು ಓದತೊಡಗಿದರು. ಅಪಾಯ ಬಂದರೆ ಎಸೆದ ಕೂಡಲೇ ಮುಳುಗಲಿ ಎಂದೇ ಅಂಥ ಪುಸ್ತಕಗಳ ರಟ್ಟಿಗೆ ಸೀಸ ಸೇರಿಸುತ್ತಿದ್ದರು.

ಹಾಗಾಗಿ ಊರಿಗೆ ರಜೆಗೆ ಬಂದಾಗ ಮದುವೆ ಮನೆಯಲ್ಲಿ, ಕೈಲ್ ಪೊಳ್ದ್ ಹಬ್ಬದ ಊಟದಲ್ಲಿ, "ನಿಮ್ಮ ಹಡಗು ಈಗ ಎಲ್ಲಿದೆ?" ಎಂದು ಮಾವಂದಿರು ಪ್ರೀತಿಯಿಂದ ಕೇಳಿದರೆ "ನೀರಲ್ಲೇ ಇದೆ ಮಾವ" ಎಂದು ಊಟ ಮುಂದುವರಿಸಿ. ಕೆಲಸದ ಕೋಣೆಯ ಫೋಟೊ, ಪರದೆಯ ಫೋಟೊ, ಅಭ್ಯಾಸದ ಹಾಳೆಯ ಫೋಟೊ ಯಾವುದೂ ಮೊಬೈಲಿನಲ್ಲಿ ಇರಬಾರದು. 1923ರ ಅಧಿಕೃತ ರಹಸ್ಯ ಕಾಯ್ದೆ ಅಮ್ಮನಿಗೆ ಕಳಿಸಿದ ಫೋಟೊಗೂ ಅನ್ವಯಿಸುತ್ತದೆ.

ವಾಚ್ ಒಪ್ಪಿಸುವುದು

ನಿಮ್ಮ ವಾಚ್ ಮುಗಿಯುವ ಕಾಲು ಗಂಟೆ ಮುಂಚೆ ಮುಂದಿನವನು ಬರುತ್ತಾನೆ. ಅವನ ಜೊತೆ ಲಾಗ್‌ನ ಕೊನೆಯ ಪುಟ ಓದಿ. ಉತ್ತರಕ್ಕೆ ಕಾದಿರುವ ಸಂದೇಶ ಯಾವುವು, ರುಜು ಬಾರದ ಪ್ರತಿ ಯಾರ ಬಳಿಯಿದೆ, ಯಾವ ಕ್ರಮ ಸಂಖ್ಯೆ ತಪ್ಪಿದೆ, ಗಡಿಯಾರ ಸರಿಯಿದೆಯೇ, ಒಂದೊಂದನ್ನೂ ಬಾಯಲ್ಲಿ ಹೇಳಿ, ಕೈಯಲ್ಲಿ ತೋರಿಸಿ. ಗೋಪ್ಯ ಪುಸ್ತಕಗಳನ್ನು ಇಬ್ಬರೂ ಸೇರಿ ಎಣಿಸಿ. ಅವನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ನೀವು "ಒಪ್ಪಿಸಿದೆ" ಎಂದು, ಅವನು "ವಹಿಸಿಕೊಂಡೆ" ಎಂದು, ಒಂದೇ ಸಮಯ ಹಾಕಿ ರುಜು ಮಾಡಿ. ಅವನ ರುಜುವಿನ ಶಾಯಿ ಒಣಗುವ ಮುಂಚೆ ಹೊಸ ಸಂದೇಶ ಬಂದರೆ ಅದು ಅವನದು. ಅವನು ಪೆನ್ನು ಎತ್ತುವ ಮೊದಲೇ ಬಂದಿದ್ದರೆ ನಿಮ್ಮದು. ಹಸಿವಾಗಿದ್ದರೂ ಕುಳಿತು, ಬರೆದು, ತಲುಪಿಸಿ, ರುಜು ತಂದು ಆಮೇಲೆ ಊಟಕ್ಕೆ ಹೋಗಿ.